ಎದುರಾಡುವ ನೆಲ

1984ರಲ್ಲಿ ಬ್ರೋಡರ್‌ಬಂಡ್ ಕಂಪನಿ ಕಮಡೋರ್ 64 ಕಂಪ್ಯೂಟರಿಗೆಂದು ‘ರೇಡ್ ಆನ್ ಬಂಗಲಿಂಗ್ ಬೇ’ ಎಂಬ ಗೇಮ್ ಹೊರತಂದಿತು. ಹೆಲಿಕಾಪ್ಟರಿನಲ್ಲಿ ಹಾರಿ ದ್ವೀಪಗಳ ಮೇಲಿನ ಕಾರ್ಖಾನೆಗಳಿಗೆ ಬಾಂಬು ಹಾಕುವುದಷ್ಟೇ ಅದರ ತಿರುಳು. ಅದನ್ನು ಬರೆದ ವಿಲ್ ರೈಟ್, ದ್ವೀಪಗಳ ನಕ್ಷೆ ಜೋಡಿಸಲು ತನಗಾಗಿ ಒಂದು ಎಡಿಟರ್ ಮಾಡಿಕೊಂಡಿದ್ದರು. ಕೆಡವುವುದಕ್ಕಿಂತ ಕಟ್ಟುವುದೇ ಮಜವೆಂದು ಅವರಿಗೆ ಅನ್ನಿಸಿದ್ದು, ಆ ಎಡಿಟರೇ ಬೆಳೆದು 1989ರಲ್ಲಿ ‘ಸಿಮ್‌ಸಿಟಿ’ ಆದದ್ದು, ಗೇಮುಗಳ ಚರಿತ್ರೆ ಬರೆಯುವವರೆಲ್ಲ ಹೇಳುವ ಕತೆ. ಆದರೆ ಕತೆಯನ್ನು ಹೆಚ್ಚಿನವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಬರೀ ಎಡಿಟರ್ ಆಗಿದ್ದರೆ ಅದು ಚಿತ್ರ ಬಿಡಿಸುವ ಸಲಕರಣೆಯಾಗಿಯೇ ಉಳಿಯುತ್ತಿತ್ತು. ರೈಟ್ ಅದಕ್ಕೆ ಜೀವ ತುಂಬಿದ್ದು ಎಂಐಟಿಯ ಜೇ ಫಾರೆಸ್ಟರ್ 1969ರಲ್ಲಿ ಪ್ರಕಟಿಸಿದ ‘ಅರ್ಬನ್ ಡೈನಾಮಿಕ್ಸ್’ ಓದಿದ ಮೇಲೆ. ಮನೆ, ಉದ್ಯೋಗ, ತೆರಿಗೆಗಳು ಒಂದನ್ನೊಂದು ಎಳೆದಾಡುವ ಬಗೆಯನ್ನು ಲೆಕ್ಕಕ್ಕೆ ಇಳಿಸಿದ ಪುಸ್ತಕ ಅದು. ಆ ಲೆಕ್ಕ ಸೇರಿದ ಮೇಲೆ, ಎಳೆದ ರಸ್ತೆಯಲ್ಲಿ ವಾಹನಗಳು ಕಿಕ್ಕಿರಿದವು, ತೆರಿಗೆ ಏರಿಸಿದರೆ ಜನ ಊರು ಬಿಟ್ಟರು. ಇಂಥ ಎಡಿಟರುಗಳ ಸೆಳೆತವನ್ನು ದೇವರಾಗುವ ಸುಖ ಎಂದು ವಿವರಿಸುವುದು ವಾಡಿಕೆ. ನಲವತ್ತು ವರ್ಷಗಳ ಬೆಳವಣಿಗೆಯನ್ನು ಗಮನಿಸಿದರೆ ನನಗೆ ಕಾಣುವುದು ಬೇರೆಯೇ. ಕಟ್ಟಿದ್ದು ಕಟ್ಟಿದವರ ಮಾತು ಕೇಳದೆ ತನ್ನ ನಿಯಮದಂತೆ ಎದುರಾಡುತ್ತದಲ್ಲ, ಸೆಳೆತ ಇರುವುದು ಅಲ್ಲಿ.

ಇದರ ಬೇರು ಸಿಮ್‌ಸಿಟಿಗಿಂತ ಹಿಂದಿನದು. 1983ರ ‘ಲೋಡ್ ರನ್ನರ್’ 150 ಹಂತಗಳ ಜೊತೆಗೆ, ಹೊಸ ಹಂತ ಕಟ್ಟಿಕೊಳ್ಳುವ ಎಡಿಟರನ್ನೂ ಆಟಗಾರರ ಕೈಗಿತ್ತಿತು. ಅದೇ ಹೊತ್ತಿಗೆ ಬಂದ ಬಿಲ್ ಬಜ್ ಅವರ ‘ಪಿನ್‌ಬಾಲ್ ಕನ್‌ಸ್ಟ್ರಕ್ಷನ್ ಸೆಟ್’ ಇನ್ನೂ ಮುಂದೆ ಹೋಗಿ, ಚೆಂಡನ್ನು ಸೆಳೆಯುವ ಗುರುತ್ವವನ್ನೇ ಹೆಚ್ಚುಕಡಿಮೆ ಮಾಡಲು ಬಿಟ್ಟಿತು. ಮೇಜನ್ನು ಎಷ್ಟು ಚೆಂದ ಅಲಂಕರಿಸಿದರೂ ಚೆಂಡು ಬಿಟ್ಟ ಕೂಡಲೇ ವಿನ್ಯಾಸದ ದೋಷ ಬಯಲಾಗುತ್ತಿತ್ತು. ಇವುಗಳಲ್ಲಿ ಕಟ್ಟುವುದು ಒಂದು ಕೆಲಸ, ಆಡುವುದು ಇನ್ನೊಂದು. ಸಿಮ್‌ಸಿಟಿ ಆ ಗೋಡೆಯನ್ನು ಒಡೆಯಿತು. ಅದೇ 1989ರಲ್ಲಿ ಬುಲ್‌ಫ್ರಾಗ್ ಸಂಸ್ಥೆಯ ‘ಪಾಪ್ಯುಲಸ್’ ಕೂಡ ನೆಲವನ್ನು ಏರಿಸಿ ಇಳಿಸುವುದನ್ನೇ ಆಟವಾಗಿಸಿತು. ಸಿಮ್‌ಸಿಟಿಯಂಥ ಗೆಲುವು ಸೋಲುಗಳಿಲ್ಲದ ವಸ್ತುವನ್ನು ಮಾರುವುದು ಹೇಗೆಂದು ಬ್ರೋಡರ್‌ಬಂಡ್ ಮೊದಲು ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ. ಆಟವೆಂದರೆ ಕೊನೆಯಲ್ಲಿ ಯಾರೋ ಗೆಲ್ಲಬೇಕು ಎಂಬ ಕಾಲ ಅದು. ಹಾಗಾಗಿ ರೈಟ್ 1987ರಲ್ಲಿ ಜೆಫ್ ಬ್ರಾನ್ ಜೊತೆ ಮ್ಯಾಕ್ಸಿಸ್ ಎಂಬ ಕಂಪನಿ ಕಟ್ಟಬೇಕಾಯಿತು.

ಮುಂದಿನ ದಶಕದಲ್ಲಿ ಎದುರಾಡುವ ನೆಲ ಸೂಕ್ಷ್ಮವಾಗುತ್ತ ಹೋಯಿತು. ಕ್ರಿಸ್ ಸಾಯರ್ ಬಹುಪಾಲು ಅಸೆಂಬ್ಲಿ ಭಾಷೆಯಲ್ಲೇ ಬರೆದ 1999ರ ‘ರೋಲರ್‌ಕೋಸ್ಟರ್ ಟೈಕೂನ್’ನಲ್ಲಿ ಹಳಿಯನ್ನು ತುಂಡು ತುಂಡಾಗಿ ಜೋಡಿಸಬೇಕು. ಬಂಡಿ ಒಮ್ಮೆ ಪರೀಕ್ಷೆಯ ಓಟ ಮುಗಿಸಿದರೆ ರೋಮಾಂಚನ, ತೀವ್ರತೆ, ವಾಕರಿಕೆ ಎಂಬ ಮೂರು ಅಂಕಗಳು ಬರುತ್ತವೆ. ತಿರುವು ವಿಪರೀತ ಕಡಿದಾದರೆ ತೀವ್ರತೆ ಮಿತಿ ಮೀರಿ, ಪಾರ್ಕಿಗೆ ಬಂದವರು ಹತ್ತಲು ಒಪ್ಪುವುದೇ ಇಲ್ಲ. 2001ರಲ್ಲಿ ಮೈಕ್ರೋಸಾಫ್ಟ್‌ನ ‘ಟ್ರೈನ್ ಸಿಮ್ಯುಲೇಟರ್’, ಆಸ್ಟ್ರೇಲಿಯಾದ ಔರಾನ್ ಸಂಸ್ಥೆಯ ‘ಟ್ರೇನ್ಜ್’ ಎರಡೂ ರೈಲುಮಾರ್ಗ ಕಟ್ಟುವ ಸಲಕರಣೆಗಳೊಂದಿಗೆ ಬಂದವು. ಟ್ರೇನ್ಜ್‌ನಲ್ಲಿ ‘ಸರ್ವೇಯರ್’ ಭಾಗದಲ್ಲಿ ಹಳಿ ಹಾಸಿ, ‘ಡ್ರೈವರ್’ ಭಾಗದಲ್ಲಿ ಓಡಿಸಬೇಕು. ತಿಂಗಳುಗಟ್ಟಲೆ ಕೂತು ನಿಜವಾದ ಮಾರ್ಗವೊಂದರ ಸಿಗ್ನಲ್, ಸೇತುವೆ, ನಿಲ್ದಾಣಗಳನ್ನು ಪಡಿಮೂಡಿಸುವವರ ದೊಡ್ಡ ಬಳಗವೇ ಇದರ ಸುತ್ತ ಹುಟ್ಟಿತು. ಇದ್ದದ್ದನ್ನೇ ನಕಲು ಮಾಡುವುದರಲ್ಲಿ ಸೃಷ್ಟಿಶೀಲತೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ಆದರೆ ನೂರಾರು ಕಿಲೋಮೀಟರಿನ ಮಾರ್ಗವನ್ನು ಯಾರೂ ಇದ್ದ ಹಾಗೇ ಇಳಿಸಲಾರರು. ಯಾವ ಮರ ಬೇಕು, ಯಾವ ಮನೆ ಬಿಡಬಹುದು, ಚಾಲಕನ ಕಿಟಕಿಯಿಂದ ಏನು ಕಂಡರೆ ಊರು ಗುರುತಾಗುತ್ತದೆ ಎಂದು ಆರಿಸುತ್ತಲೇ ಇರಬೇಕು. ಏರಿನ ಲೆಕ್ಕ ತಪ್ಪಿದ್ದರೆ ಭಾರದ ಗೂಡ್ಸ್ ಗಾಡಿ ಅಲ್ಲೇ ಉಸಿರು ಕಳೆದುಕೊಂಡು ನಿಲ್ಲುತ್ತದೆ. ನಕಲು ಸರಿಯಿದೆಯೇ ಎಂದು ಹೇಳುವುದು ಎಂಜಿನ್ನು. (ನಮ್ಮಲ್ಲಿ ಬಹುಪಾಲು ಹುಡುಗರ ಕೈಯಲ್ಲಿರುವುದು ಫೋನು. ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ದ ಬಸ್ಸಿಗೆ ಕೆಎಸ್‌ಆರ್‌ಟಿಸಿ ಬಣ್ಣ ಬಳಿದು ಹಂಚಿಕೊಳ್ಳುವ ಉತ್ಸಾಹ ಈ ಬಳಗದ ದೂರದ ನಂಟೇ ಸರಿ, ಆದರೆ ಬಣ್ಣಕ್ಕೆ ಬಸ್ಸು ಏನೂ ಮರುಮಾತು ಹೇಳುವುದಿಲ್ಲ.)

ಈ ಸೆಳೆತ ಕಿತ್ತುಕೊಂಡಾಗಲೇ ಹೆಚ್ಚು ಸ್ಪಷ್ಟವಾಗುತ್ತದೆ. 2003ರ ‘ಸಿಮ್‌ಸಿಟಿ 4’ ಬೆಟ್ಟ, ಕಣಿವೆಗಳನ್ನು ಕೈಯಾರೆ ತಿದ್ದಲು ಬಿಟ್ಟಿತ್ತು. 2013ರ ಹೊಸ ಸಿಮ್‌ಸಿಟಿಯಲ್ಲಿ ಆ ಅವಕಾಶವಿಲ್ಲ. ಊರಿಗೆ ಸಿಕ್ಕಿದ್ದು ಸುಮಾರು ಎರಡು ಕಿಲೋಮೀಟರ್ ಉದ್ದಗಲದ ಚೌಕ, ಅದರ ಮೇಲೆ ಆಡಲು ಇಂಟರ್ನೆಟ್ ಸಂಪರ್ಕ ಸದಾ ಇರಬೇಕೆಂಬ ಷರತ್ತು ಮೊದಲಿಗೆ ಇತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ ಫಿನ್ಲೆಂಡಿನ ಪುಟ್ಟ ಸಂಸ್ಥೆ ಕೊಲೊಸಲ್ ಆರ್ಡರ್ ‘ಸಿಟೀಸ್: ಸ್ಕೈಲೈನ್ಸ್’ ತಂದು, ಮೊದಲ ದಿನದಿಂದಲೇ ಮ್ಯಾಪ್ ಎಡಿಟರನ್ನೂ ಕಟ್ಟಡಗಳ ಎಡಿಟರನ್ನೂ ಕೊಟ್ಟಿತು. ಅದರ ನೀರನ್ನು ಸ್ವಲ್ಪ ನಿಂತು ನೋಡಬೇಕು. ಮ್ಯಾಪಿನಲ್ಲಿ ನದಿಯನ್ನು ಗೆರೆ ಎಳೆದು ತೋರಿಸಲಾಗದು. ಪಾತ್ರ ಕೊರೆದು, ಮೇಲ್ತುದಿಯಲ್ಲಿ ನೀರಿನ ಮೂಲವಿಟ್ಟು ಕಾಯಬೇಕು. ಇಳಿಜಾರು ಸಾಲದಿದ್ದರೆ ನೀರು ದಂಡೆ ಮೀರಿ ಹರಡುತ್ತದೆ. ಅಣೆಕಟ್ಟು ತಪ್ಪಾದ ಜಾಗದಲ್ಲಿ ಎದ್ದರೆ ಊರು ಮುಳುಗುತ್ತದೆ. ಕೊಳಚೆಯ ಕೊಳವೆಯನ್ನು ಹೊಳೆಯ ಮೇಲುಭಾಗಕ್ಕೆ ಬಿಟ್ಟು ಕೆಳಗಿನಿಂದ ಕುಡಿಯುವ ನೀರೆತ್ತಿದರೆ ಜನ ಕಾಯಿಲೆ ಬೀಳುತ್ತಾರೆ. ಇಲ್ಲಿ ಆಟಗಾರ ದೇವರಲ್ಲ. ಹೆಚ್ಚೆಂದರೆ ಕಿರಿಯ ಎಂಜಿನಿಯರ್.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪ ‘ಮೈನ್‌ಕ್ರಾಫ್ಟ್’ನಿಂದ ಬರುತ್ತದೆ. ಅಲ್ಲಿ ಕಾಂಡ ಕಡಿದರೂ ಮರದ ನೆತ್ತಿ ಗಾಳಿಯಲ್ಲೇ ನಿಲ್ಲುತ್ತದೆ. ಕ್ರಿಯೇಟಿವ್ ಮೋಡ್‌ನಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಆದರೂ ಕೋಟ್ಯಂತರ ಜನ ಕಟ್ಟುತ್ತಾರೆ. ಒಪ್ಪಬೇಕಾದ ಮಾತೇ. ಆದರೆ ಅಲ್ಲಿ ಎದುರಾಡುವವರು ಮನುಷ್ಯರು. ಮೊಯಾಂಗ್ ಸಂಸ್ಥೆ ಮತ್ತು ಯುಎನ್-ಹ್ಯಾಬಿಟ್ಯಾಟ್ 2012ರಲ್ಲಿ ಆರಂಭಿಸಿದ ‘ಬ್ಲಾಕ್ ಬೈ ಬ್ಲಾಕ್’ ಯೋಜನೆಯಲ್ಲಿ ನೈರೋಬಿಯಂಥ ನಗರಗಳ ನಿವಾಸಿಗಳು ತಮ್ಮ ಬಡಾವಣೆಯ ಸಾರ್ವಜನಿಕ ಜಾಗವನ್ನು ಮೈನ್‌ಕ್ರಾಫ್ಟ್‌ನ ಇಟ್ಟಿಗೆಗಳಲ್ಲೇ ಕಟ್ಟಿ ತೋರಿಸಿ ಚರ್ಚಿಸಿದರು. ಆಸ್ಕರ್ ಸ್ಟೋಲ್‌ಬರ್ಗ್ ಅವರ ‘ಟೌನ್‌ಸ್ಕೇಪರ್’ನಲ್ಲಂತೂ ಗುರಿ, ಹಣ, ಜನ ಒಂದೂ ಇಲ್ಲ. ಆದರೂ ಪಕ್ಕಪಕ್ಕದಲ್ಲಿ ಇಟ್ಟ ಮನೆಗಳು ತಾವೇ ಸಾಲಾಗುತ್ತವೆ, ಅಲ್ಲಲ್ಲಿ ಕಮಾನು ಮೂಡುತ್ತದೆ, ಸುತ್ತುಗಟ್ಟಿದ ಜಾಗ ತೋಟವಾಗುತ್ತದೆ. ಒಂದು ಕ್ಲಿಕ್ಕಿಗೆ ಕೇಳದಿದ್ದ ಉತ್ತರ ಬರುವುದರಿಂದಲೇ ಎರಡನೆಯ ಕ್ಲಿಕ್ಕಿಗೆ ಕೈ ಹೋಗುತ್ತದೆ.

ಇನ್ನೊಂದು ಆಕ್ಷೇಪ ರಾಜಕೀಯದ್ದು. ಸಮಾಜಶಾಸ್ತ್ರಜ್ಞ ಪಾಲ್ ಸ್ಟಾರ್ 1994ರಲ್ಲೇ ಎಚ್ಚರಿಸಿದಂತೆ, ಇಂಥ ಆಟಗಳ ಒಡಲಲ್ಲಿ ಅಡಗಿದ ಊಹೆಗಳು ಆಟಗಾರರಿಗೆ ಕಾಣುವುದಿಲ್ಲ. ಎದುರಾಡುವುದು ನೆಲವಲ್ಲ, ಅದನ್ನು ಬರೆದವರ ಅಭಿಪ್ರಾಯ. ಇದಕ್ಕೆ ಸಾಕ್ಷಿಯೂ ಇದೆ. 2013ರ ಸಿಮ್‌ಸಿಟಿಯ ಮುಖ್ಯ ವಿನ್ಯಾಸಕ ಸ್ಟೋನ್ ಲಿಬ್ರಾಂಡಿ, ನಿಜವಾದ ಪಾರ್ಕಿಂಗ್ ಜಾಗಗಳನ್ನು ತೋರಿಸಿದ್ದರೆ ಊರೆಲ್ಲ ಅದೇ ತುಂಬಿ ಆಟ ನೀರಸವಾಗುತ್ತಿತ್ತೆಂದು, ಅವು ನೆಲದಡಿ ಇವೆಯೆಂದು ಭಾವಿಸಿಕೊಂಡೆವು ಎಂದಿದ್ದಾರೆ. ಕಾರು ನಂಬಿದ ಅಮೆರಿಕದ ಊರಿನ ದೊಡ್ಡ ಸತ್ಯವೊಂದು ಹೀಗೆ ಮಾಯವಾಯಿತು. ಆದರೆ ಇದೇ ಕಟ್ಟುವ ಸಲಕರಣೆ ಬಚ್ಚಿಟ್ಟದ್ದನ್ನು ಹೊರಗೂ ಹಾಕುತ್ತದೆ. ಫಿಲಿಪ್ಪೀನ್ಸ್‌ನ ವಾಸ್ತುಶಿಲ್ಪ ವಿದ್ಯಾರ್ಥಿ ವಿನ್ಸೆಂಟ್ ಒಕಾಸ್ಲಾ ವರ್ಷಗಟ್ಟಲೆ ಲೆಕ್ಕ ಹಾಕಿ ‘ಸಿಮ್‌ಸಿಟಿ 3000’ದಲ್ಲಿ 60 ಲಕ್ಷ ಜನರ ‘ಮ್ಯಾಗ್ನಸಾಂಟಿ’ ನಗರ ಕಟ್ಟಿದರು. ಅದು 2010ರಲ್ಲಿ ಜಗತ್ತಿನ ಗಮನಕ್ಕೆ ಬಂತು. ಆಟದ ಲೆಕ್ಕದಲ್ಲಿ ಅದು ಪರಮ ಯಶಸ್ಸು. ಬದುಕುವವರ ಲೆಕ್ಕದಲ್ಲಿ ಹೊಗೆ, ಪೊಲೀಸ್ ಕಾವಲು, ಅಲ್ಪಾಯುಷ್ಯ. ಜನಸಂಖ್ಯೆಯನ್ನೇ ಏಳಿಗೆಯೆಂದು ಎಣಿಸುವ ನಿಯಮವನ್ನು ಅದರ ತುದಿಯವರೆಗೂ ಪಾಲಿಸಿ, ಆ ನಿಯಮವನ್ನೇ ಅವರು ಆಪಾದಿತನ ಕಟಕಟೆಯಲ್ಲಿ ನಿಲ್ಲಿಸಿದರು. ಯಾವ ಪ್ರಬಂಧವೂ ಸ್ಟಾರ್ ಅವರ ಎಚ್ಚರಿಕೆಯನ್ನು ಇಷ್ಟು ಚೆನ್ನಾಗಿ ಸಮರ್ಥಿಸಿರಲಾರದು.

ಈಗಿನ ಪ್ರಶ್ನೆ ಬೇರೆ. 2020ರ ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ ಬಿಂಗ್ ಮ್ಯಾಪ್ಸ್‌ನ ಚಿತ್ರಗಳನ್ನು ಯಂತ್ರಕಲಿಕೆಗೆ ಒಡ್ಡಿ, ಸುಮಾರು 150 ಕೋಟಿ ಕಟ್ಟಡಗಳುಳ್ಳ ಇಡೀ ಭೂಮಿಯನ್ನೇ ಸಿದ್ಧಪಡಿಸಿ ಕೊಟ್ಟಿತು. ಎಲ್ಲವೂ ತಾನೇ ಕಟ್ಟಿಕೊಂಡು ಬಂದರೆ ಎಡಿಟರ್ ಯಾರಿಗೆ ಬೇಕು ಎನ್ನಬಹುದು. ಆದರೆ ಆ ಆಟದ ಮೆಲ್ಬರ್ನಿನ ಹೊರವಲಯದಲ್ಲಿ, ಅದು ಬಳಸಿದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯಲ್ಲಿ ಯಾರೋ 2 ಮಹಡಿ ಎಂದು ಬರೆಯಲು ಹೋಗಿ 212 ಎಂದು ಬರೆದ ತಪ್ಪಿನಿಂದ, ಸೂಜಿಯಂಥ ಗೋಪುರವೊಂದು ಎದ್ದು ನಿಂತಿತು. ಅದನ್ನು ನೋಡಲು, ಅದರ ತುದಿಯ ಮೇಲೆ ವಿಮಾನ ಇಳಿಸಲು ಆಟಗಾರರು ಮುಗಿಬಿದ್ದರು. ತಮ್ಮೂರಿನ ಸೇತುವೆ, ರನ್‌ವೇ ಸರಿಯಿಲ್ಲವೆಂದು ಸಿಡುಕಿದವರು ಮತ್ತೆ ಎಡಿಟರ್ ತೆರೆದು ತಿದ್ದಲು ಕುಳಿತರು.