ಸವಳು ನೆಲ ಮತ್ತು ಮಂಗಳದ ಮಣ್ಣು: ಒಂದು ಟಿಪ್ಪಣಿ

1. ವ್ಯಾಪ್ತಿ

ಮಂಗಳ ಗ್ರಹದಲ್ಲಿ ಮನುಷ್ಯರು ನೆಲೆಸುವ ಚರ್ಚೆ ಬಹುಮಟ್ಟಿಗೆ ರಾಕೆಟ್ಟಿನ ಸುತ್ತಲೇ ನಡೆಯುತ್ತದೆ. ಇಲ್ಲಿ ಮುಖ್ಯವಾಗಿ ಮಣ್ಣಿನ ಉಪ್ಪನ್ನೂ, ಕೊನೆಗೆ ಗಾಳಿಯನ್ನೂ ಎತ್ತಿಕೊಂಡಿದೆ. ಹೋಲಿಕೆಗೆ ಆಯ್ದದ್ದು ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆ.

2. ಉಪ್ಪು

ನಾಸಾದ ಫೀನಿಕ್ಸ್ ನೌಕೆ ಮಂಗಳದಲ್ಲಿ ಇಳಿದದ್ದು 2008ರ ಮೇ 25ರಂದು. ಆ ತಾಣದ ಮಣ್ಣಿನಲ್ಲಿ ತೂಕದ ಶೇ 0.4ರಿಂದ 0.6ರಷ್ಟು ಪರ್ಕ್ಲೋರೇಟ್ ಇದೆಯೆಂದು ಅಂದಾಜಾಯಿತು. ಗೇಲ್ ಕುಳಿಯಲ್ಲಿ ಕ್ಯೂರಿಯಾಸಿಟಿ ರೋವರ್‌ಗೂ ಅದರ ಸುಳಿವು ಸಿಕ್ಕಿದೆ, ಆದರೆ ಪ್ರಮಾಣ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಹಾಗಾಗಿ ಫೀನಿಕ್ಸ್ ಅಂಕಿಯನ್ನು ಇಡೀ ಗ್ರಹಕ್ಕೆ ಅನ್ವಯಿಸಲಾಗದು. ಈ ಲವಣ ಥೈರಾಯ್ಡ್ ಗ್ರಂಥಿಯು ಅಯೋಡಿನ್ ಹೀರುವುದನ್ನು ತಡೆಯುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ, ಸಿಂಧನೂರು ಭಾಗವೂ ಸೇರಿ, ಸವಳು-ಜವಳು ಹಳೆಯ ಸಮಸ್ಯೆ. ಭತ್ತಕ್ಕೆ ನೀರು ಕಟ್ಟಿದ ಎರೆ ನೆಲದಲ್ಲಿ ಅಂತರ್ಜಲ ಮೇಲೇರುತ್ತದೆ. ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಬೇಸಿಗೆಯಲ್ಲಿ ತಗ್ಗಿನ ಹೊಲಗಳ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ. ಅಂಥಲ್ಲಿ ಬಿತ್ತಿದ್ದು ಅಲ್ಲೊಂದು ಇಲ್ಲೊಂದು ಮೊಳೆಯುತ್ತದೆ. ಇಲ್ಲಿಯ ಲವಣಗಳು ಹೆಚ್ಚಾಗಿ ಕ್ಲೋರೈಡ್, ಸಲ್ಫೇಟ್‌ಗಳು, ಪರ್ಕ್ಲೋರೇಟ್ ಅಲ್ಲ. ಸಮಾನವಾದದ್ದು ನೀರಿನಲ್ಲಿ ಕರಗುವ ಗುಣ ಮಾತ್ರ. ಆದರೆ ಪರಿಹಾರ ನಿಂತಿರುವುದು ಆ ಗುಣದ ಮೇಲೆಯೇ: ನೆಲದಡಿ ತೂತಿನ ಕೊಳವೆ ಹೂಳಿ, ಸಿಹಿನೀರು ಹಾಯಿಸಿ, ಉಪ್ಪನ್ನು ಬಸಿದು ಹೊರಹಾಕುವುದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ನೆಲದ ಅಧ್ಯಯನ ನಡೆದಿದೆ. ಈ ವಿಧಾನಕ್ಕೆ ಧಾರಾಳ ಸಿಹಿನೀರು ಬೇಕು, ಬಸಿದ ನೀರು ಸೇರಲು ಹಳ್ಳ ಬೇಕು. ಮಂಗಳದಲ್ಲಿ ವಾಯು ಒತ್ತಡ ಸುಮಾರು 6 ಮಿಲಿಬಾರ್ (ಭೂಮಿಯಲ್ಲಿ 1,013). ತೆರೆದ ನೀರು ಹೆಚ್ಚು ಹೊತ್ತು ನಿಲ್ಲದು. ತೊಳೆಯುವುದೆಲ್ಲ ಮುಚ್ಚಿದ ಆವರಣದೊಳಗೆ ಆಗಬೇಕು, ಉಪ್ಪುನೀರನ್ನೂ ಮತ್ತೆ ಶುದ್ಧಿ ಮಾಡಬೇಕು. ರಾಕೆಟ್ಟಿಗಿಂತ ಇದೇ ಕಠಿಣವೆನ್ನಲು ಸದ್ಯಕ್ಕೆ ಆಧಾರ ಸಾಲದು. ಗಮನ ಕಡಿಮೆ ಬಿದ್ದಿದೆ ಎನ್ನಬಹುದು.

3. ಪ್ರಯೋಗಗಳು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊ ಸಂಶೋಧಕರು 2022ರಲ್ಲಿ ಮಂಗಳದ ಕೃತಕ ಮಣ್ಣಿನಿಂದ ಇಟ್ಟಿಗೆ ಮಾಡಿದ ವಿಧಾನವನ್ನು ಪ್ರಕಟಿಸಿದರು. ಬಳಸಿದ್ದು ಬ್ಯಾಕ್ಟೀರಿಯಾ, ಯೂರಿಯಾ ಮತ್ತು ಚವಳಿಕಾಯಿ ಬೀಜದಿಂದ ತೆಗೆದ ಗೋಂದು. ಆ ಮಣ್ಣಿನ ಕಬ್ಬಿಣದಂಶ ಬ್ಯಾಕ್ಟೀರಿಯಾಕ್ಕೆ ಮಾರಕವಾದ್ದರಿಂದ ನಿಕಲ್ ಕ್ಲೋರೈಡ್ ಸೇರಿಸಬೇಕಾಯಿತು. ನೌಕೆ ಹೊತ್ತು ತಂದ ಮಂಗಳದ ಮಣ್ಣು ಇನ್ನೂ ಯಾರ ಕೈಯಲ್ಲೂ ಇಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ಧಾರವಾಡ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಮೆಂತ್ಯ, ಹೆಸರುಕಾಳಿನ ಮೊಳಕೆ ಪ್ರಯೋಗವನ್ನು ಗಗನಯಾತ್ರಿ ಶುಭಾಂಶು ಶುಕ್ಲಾ 2025ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ನಡೆಸಿದರು. ಯಾನದ ಅವಧಿ ಕೆಲವೆಡೆ 18 ದಿನ, ಕೆಲವೆಡೆ 20 ದಿನ ಎಂದಿದೆ. ಮೊದಲಿನದು ನಿಲ್ದಾಣದ ವಾಸ (ಜೂನ್ 26–ಜುಲೈ 14), ಎರಡನೆಯದು ಉಡಾವಣೆಯಿಂದ ಮರಳುವವರೆಗೆ (ಜೂನ್ 25–ಜುಲೈ 15). ಮಂಗಳದ ಗುರುತ್ವ ಭೂಮಿಯದರ ಶೇ 38. ಹಾಗಾಗಿ ತೂಕರಹಿತ ಸ್ಥಿತಿಯ ನಿಲ್ದಾಣದ ಫಲಿತಾಂಶವನ್ನು ಅಲ್ಲಿಗೆ ನೇರವಾಗಿ ಒಯ್ಯಲಾಗದು.

4. ಗಾಳಿ

ವಿಕಿರಣದಿಂದ ಪಾರಾಗಲು ನೆಲದಡಿ ವಾಸ ಒಂದು ಸಲಹೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಜನ ನೆಲದಡಿ ದುಡಿಯುತ್ತಾರೆ. ಅಲ್ಲಿಗೆ ಗಾಳಿ ಮೇಲಿನಿಂದ ಹೋಗುತ್ತದೆ. ಮಂಗಳದಲ್ಲಿ ಆಮ್ಲಜನಕವನ್ನು ತಯಾರಿಸಿಯೇ ಕೊಡಬೇಕು. ಪರ್ಸಿವರೆನ್ಸ್ ರೋವರ್‌ನ ಮಾಕ್ಸಿ ಉಪಕರಣ 2021–23ರಲ್ಲಿ 16 ಬಾರಿ ನಡೆದು ಒಟ್ಟು 122 ಗ್ರಾಂ ಆಮ್ಲಜನಕ ಕೊಟ್ಟಿತು. ಒಬ್ಬರಿಗೆ ದಿನಕ್ಕೆ 840 ಗ್ರಾಂ ಬೇಕೆಂದು ಹಿಡಿದರೆ, ಅದು ಸುಮಾರು ಮೂರೂವರೆ ತಾಸಿನ ಉಸಿರಿಗೆ ಸಾಕು.