ಮತ್ತೋಡಿನ ಗಾಜು, ಬಳೆಗಾರನ ಕೈ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹನ್ನೆರಡು ಮಂದಿ ಆಯಗಾರರೆಂದು ಲೆಕ್ಕ ಹಿಡಿಯುವ ವಾಡಿಕೆಯಿದ್ದಿತು. ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಅಗಸ, ಕ್ಷೌರಿಕ, ತಳವಾರ, ತೋಟಿ, ನೀರಗಂಟಿ ಮೊದಲಾದ ಇವರು ವರ್ಷವಿಡೀ ಊರಿನ ಊಳಿಗವನ್ನು ಮಾಡಿ, ಸುಗ್ಗಿ ಬಂದಾಗ ಕಣದ ರಾಶಿಯಿಂದ ತಮ್ಮ ಪಾಲನ್ನು ಹಕ್ಕಿನಿಂದಲೇ ಅಳೆಯಿಸಿಕೊಳ್ಳುತ್ತಿದ್ದರು. ಕಮ್ಮಾರನು ತಟ್ಟಿಕೊಟ್ಟ ಗುಳ ಮೊಂಡಾದರೂ, ಅವನ ಮಾತು ಅದಕ್ಕಿಂತಲೂ ಒರಟಾದರೂ, ಒಕ್ಕಲಿಗನು ಅವನನ್ನು ತೊರೆದು ನೆರೆಯೂರಿನ ಕುಲುಮೆಯನ್ನು ಅರಸಿ ಹೋಗುವುದು ಸುಲಭಸಾಧ್ಯವಾಗಿರಲಿಲ್ಲ. ಈ ಹನ್ನೆರಡು ಮಂದಿಯಲ್ಲಿ ಬಳೆಗಾರನ ಎಣಿಕೆಯಿಲ್ಲ. ಆತನಿಗೆ ಕಣದಲ್ಲಿ ಪಾಲಿಲ್ಲ, ಊರಿನಲ್ಲಿ ಮಾನ್ಯದ ಹೊಲವಿಲ್ಲ. ಕರಿಸಿದ್ಧೇಶ್ವರನ ಗುಡಿಯನ್ನು ನೆತ್ತಿಯಲ್ಲಿ ಧರಿಸಿ ನಿಂತಿರುವ ರಾಮಗಿರಿಯ ಸುತ್ತಣ ಹಳ್ಳಿಗಳಲ್ಲಾಗಲಿ, ಹೊಸದುರ್ಗ ಹಿರಿಯೂರುಗಳ ಎರೆಯ ನೆಲದಲ್ಲಾಗಲಿ, ಹೆಗಲಿಗೆ ಬಳೆಯ ಮಲಾರವನ್ನು ಇಳಿಬಿಟ್ಟು ನಡೆದುಬಂದ ಈತನು ಒಂದೊಂದು ಮನೆಯ ಬಾಗಿಲನ್ನೂ ತಾನೇ ಸಂಪಾದಿಸಿಕೊಳ್ಳಬೇಕಾಗಿದ್ದಿತು. ಸಂಪಾದಿಸಿಕೊಂಡುದನ್ನು ಪ್ರತಿ ಸುತ್ತಿನಲ್ಲಿಯೂ ಹೊಸದಾಗಿ ಉಳಿಸಿಕೊಳ್ಳಬೇಕಾಗಿದ್ದಿತು. ಗಿರಾಕಿಯ ಮನಸ್ಸನ್ನು ಗೆಲ್ಲುವ ವಿದ್ಯೆಯು ನಮ್ಮ ಕಡೆಯಲ್ಲಿ ಹೇಗೆ ಬೆಳೆಯಿತೆಂಬುದನ್ನು ತಿಳಿಯಬಯಸುವವನು ಹಕ್ಕಿನ ಪಾಲಿದ್ದ ಆಯಗಾರನನ್ನು ಬಿಟ್ಟು, ಹಕ್ಕೇ ಇಲ್ಲದ ಈ ಹಾದಿಯ ಮನುಷ್ಯನನ್ನು ಹಿಂಬಾಲಿಸುವುದು ಲೇಸು.

ಈತನ ಸರಕು ಒಂದು ಕಾಲಕ್ಕೆ ಬಹುದೂರದಿಂದ ಬರುತ್ತಿದ್ದುದಲ್ಲ. ಹೊಸದುರ್ಗ ತಾಲ್ಲೂಕಿನ ಮತ್ತೋಡು, ಈಗ ಒಂದು ಹೋಬಳಿಯ ಊರು, ಹಿಂದೆ ಚಿಕ್ಕದೊಂದು ಪಾಳೆಯಪಟ್ಟಿನ ನೆಲೆಯಾಗಿದ್ದು ಗಾಜಿನ ಬಳೆಗೆ ಹೆಸರುವಾಸಿಯಾಗಿದ್ದಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ, ಕೈಗೆ ಬಂದ ದೇಶದ ಬೆಳೆ, ಕಸಬು, ವ್ಯಾಪಾರಗಳನ್ನು ಕಣ್ಣಾರೆ ಕಂಡು ಬರಹದಲ್ಲಿಡುವಂತೆ ಗವರ್ನರ್ ಜನರಲ್ ವೆಲ್ಲೆಸ್ಲಿಯು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ನಿಯಮಿಸಿದನಷ್ಟೆ. ೧೮೦೦ ಮತ್ತು ೧೮೦೧ರಲ್ಲಿ ಮದರಾಸಿನಿಂದ ಮಲೆಯಾಳ ಕನ್ನಡ ಜಿಲ್ಲೆಗಳವರೆಗೆ ಸಂಚರಿಸಿದ ಆತನು ೧೮೦೭ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ, ಮತ್ತೋಡಿನ ಗಾಜಿನ ಕುಲುಮೆಗಳ ವೃತ್ತಾಂತವೂ ಸೇರಿದೆ. ಅದೇ ಶತಮಾನದ ಕೊನೆಗೆ ರೈಸ್ ಸಾಹೇಬರು ಸಂಪಾದಿಸಿದ ಮೈಸೂರು ಗೆಜೆಟಿಯರ್ ಕೂಡ ಅದನ್ನು ಸ್ಮರಿಸುತ್ತದೆ. ಕೋಟೆಗೋಡೆಯ ಒಳಮೈಗೆ ಆನಿಸಿ ಎತ್ತರವಾಗಿ ಕಟ್ಟಿದ ಜಗತಿಯಲ್ಲಿ ಹುದುಗಿಸಿದ ಗೂಡಿನಾಕಾರದ ಕುಲುಮೆಗಳು. ಅವುಗಳೊಳಗೆ ಹಗಲಿರುಳು ಉರಿಯುವ ಪುರಳೆ. ಮೂಸೆಗಳಲ್ಲಿ ಕುದಿಯುವ ಗಾಜು. ಸಾಮಗ್ರಿಯೆಲ್ಲವೂ ಬಹುಮಟ್ಟಿಗೆ ಇದೇ ನೆಲದ್ದು. ಬೆಣಚುಕಲ್ಲಿನ ಪುಡಿ, ಬೇಸಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಕ್ಕುವ ಚೌಳು. ಇವೆರಡೂ ಕರಗಿ ಒಂದಾದಾಗ ಕಬ್ಬಿಣದ ಅಂಶವು ಬೆರೆತರೆ ಕಪ್ಪು, ತಾಮ್ರವು ಬೆರೆತರೆ ಉರಿಯ ಹದವನ್ನು ಅನುಸರಿಸಿ ಹಸಿರು ಅಥವಾ ಕೆಂಪು. ನಮ್ಮ ಹೆಣ್ಣುಮಕ್ಕಳು ಹಬ್ಬಹರಿದಿನಗಳಲ್ಲಿ ಬಯಸುವ ವರ್ಣಗಳೂ ಇವೇ ಎಂಬುದು ಬರಿಯ ಆಕಸ್ಮಿಕವಿರಲಾರದು: ಬಹುಕಾಲ ಯಾವುದು ದೊರಕಿತೋ ಅದೇ ಕಾಲಕ್ರಮದಲ್ಲಿ ಶುಭವೆನಿಸಿರಬೇಕು.

ಕೆಲಸಗಾರನು ಕಬ್ಬಿಣದ ಸರಳಿನ ತುದಿಯಿಂದ ಕರಗಿದ ಗಾಜನ್ನು ಒಂದಿಷ್ಟು ಸೆಳೆದು, ಅದರ ನಡುವೆ ರಂಧ್ರವನ್ನು ಮೂಡಿಸಿ, ಆರುವ ಮುನ್ನವೇ ತಿರುಗಿಸುತ್ತ ತಿರುಗಿಸುತ್ತ ಶಂಕುವಿನಾಕಾರದ ಮಣ್ಣಿನ ಅಚ್ಚಿನ ಮೇಲೆ ಇಳಿಸಿ ಬೇಕಾದ ಅಳತೆಗೆ ಹಿಗ್ಗಿಸಿದಾಗ, ಎಲ್ಲಿಯೂ ಬೆಸುಗೆಯ ಗುರುತಿಲ್ಲದ ಬಳೆಯೊಂದು ಸಿದ್ಧವಾಗುತ್ತಿದ್ದಿತು. ಕ್ಷಣಮಾತ್ರದ ಕೆಲಸ, ಆದರೆ ಆ ಕ್ಷಣವು ಕೈಗೆ ದಕ್ಕಬೇಕಾದರೆ ವರ್ಷಗಳ ಅಭ್ಯಾಸ ಬೇಕು. ಇಷ್ಟು ನಿಪುಣನಾದ ಗಾಜುಗಾರನನ್ನು ಬಳೆ ತೊಟ್ಟವಳು ಎಂದೂ ಕಂಡವಳಲ್ಲ. ಅವನ ಹೆಸರಿರಲಿ, ಅವನ ಊರೂ ಆಕೆಯ ಸಂಸಾರದ ಮಾತುಕತೆಯಲ್ಲಿ ಬರುತ್ತಿದ್ದುದು ಅಪರೂಪ. ಕುಲುಮೆಯಿಂದ ಹೊರಟ ಬಳೆ ದಾರದಲ್ಲಿ ಪೋಣಿಸಿದ ಮಲಾರವಾಗಿ ಬಳೆಗಾರನ ಹೆಗಲಿಗೇರಿದ ಗಳಿಗೆಯಿಂದ ಅದು ಮತ್ತೋಡಿನದಾಗಿ ಉಳಿಯದೆ, ಆ ಬಳೆಗಾರನದಾಗಿ ಬಿಡುತ್ತಿದ್ದಿತು.

ಬಳೆ ತೊಡಿಸುವ ಕ್ರಮವನ್ನು ಸಾವಧಾನವಾಗಿ ನೋಡಿದವರಿಗೆ ಇದರ ಕಾರಣವು ತಾನಾಗಿಯೇ ವೇದ್ಯವಾಗುತ್ತದೆ. ಬಳೆಗಾರನು ಜಗುಲಿಯ ಮೇಲೆ ಕುಳಿತು ಗಂಟು ಬಿಚ್ಚಿದನೆಂದರೆ ನೆರೆಹೊರೆಯ ಹೆಂಗಳೆಯರೆಲ್ಲರೂ ನೆರೆಯುತ್ತಿದ್ದರು. ಹೊಲಗೆಲಸದಿಂದ ಗಂಟುಗಟ್ಟಿದ ಬೆರಳುಗಳು, ರಾಗಿ ಬೀಸಿ ಬಿರುಸಾದ ಅಂಗೈ. ಇಂತಹ ಕೈಗೆ, ಮುಂಗೈಯಲ್ಲಿ ಸಡಿಲವಾಗಿ ಜಾರದಂತೆ ಒಪ್ಪುವ ಬಳೆಯನ್ನು ಆಯ್ದು ಏರಿಸುವುದು ಸಣ್ಣ ವಿದ್ಯೆಯಲ್ಲ. ಈಗಿನ ಅಂಗಡಿಯಲ್ಲಿ ಅಳತೆಯೆಂದರೆ ಎರಡಂಗುಲ ನಾಲ್ಕಾಣೆ, ಎರಡಂಗುಲ ಆರಾಣೆ ಎಂಬ ಸಂಖ್ಯೆ. ಅಂದಿನ ಬಳೆಗಾರನು ಅಂಕೆಯನ್ನು ಕೇಳುತ್ತಿರಲಿಲ್ಲ. ಕೈಯನ್ನು ಹಿಡಿದು ಹೆಬ್ಬೆರಳಿನ ಬುಡವನ್ನು ಒಮ್ಮೆ ಮೃದುವಾಗಿ ಅದುಮಿದರೆ ಸಾಕು, ಯಾವ ಮಲಾರಕ್ಕೆ ಕೈಹಾಕಬೇಕೆಂಬುದು ಅವನಿಗೆ ತಿಳಿದುಹೋಗುತ್ತಿದ್ದಿತು. ಅನಂತರ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಚಿ, ನಾಲ್ಕು ಬೆರಳುಗಳನ್ನು ಒತ್ತಾಗಿ ಕೂಡಿಸಿ, ಗೆಣ್ಣುಗಳನ್ನು ಒಂದೊಂದಾಗಿ ನೀವುತ್ತ, ಬೇಕಾದರೆ ತುಸು ಎಣ್ಣೆಯನ್ನೂ ಸವರಿ, ನೋವು ಎನ್ನುವ ಮೊದಲೇ ಬಳೆಯು ಮುಂಗೈಯನ್ನು ಸೇರುವಂತೆ ಮಾಡಬೇಕು. ಅಷ್ಟು ಹೊತ್ತೂ ಮಾತು ನಡೆದಿರಬೇಕು. ಕೈ ಬಿಗಿಹಿಡಿದರೆ ಗಾಜು ಸಿಡಿಯುತ್ತದೆ. ಮನಸ್ಸು ಬೇರೆಡೆಗೆ ಹರಿದರೆ ಕೈ ತಾನಾಗಿ ಸಡಿಲಗೊಳ್ಳುತ್ತದೆ. ಬಳೆಗಾರರು ಮಾತುಗಾರರೆಂಬ ಪ್ರತೀತಿಗೆ ಹೀಗೆ ಕಸಬಿನದೇ ಒಂದು ನಿಮಿತ್ತವಿತ್ತೆಂದು ನನ್ನ ಎಣಿಕೆ.

ಪರಪುರುಷನು ಕೈಮುಟ್ಟುವುದನ್ನು ಸಹಿಸದ ಮನೆತನಗಳು ಕೂಡ ಈತನ ಮುಂದೆ ಹೆಣ್ಣುಮಕ್ಕಳನ್ನು ನಿಶ್ಚಿಂತೆಯಿಂದ ಕುಳ್ಳಿರಿಸುತ್ತಿದ್ದುವು. ಅವಳು ‘ಅಣ್ಣ’ ಎಂದು ಕರೆಯುವಳು, ಇವನು ‘ತಂಗಿ’ ಎನ್ನುವನು. ವಯಸ್ಸಾದವರು ‘ಶೆಟ್ಟರೇ’ ಎಂದರೆ ಇವನು ‘ತಾಯಿ’ ಎಂದು ಉತ್ತರ ಕೊಡುವನು. ಈ ಸಂಬೋಧನೆಗಳು ಬಾಯಿಮಾತಿನ ಉಪಚಾರವಾಗಿದ್ದರೆ ಹೆಚ್ಚುಕಾಲ ನಿಲ್ಲುತ್ತಿರಲಿಲ್ಲ. ಹತ್ತಾರು ಹಳ್ಳಿಗಳ ಸುತ್ತನ್ನು ಹಿಡಿದು ತಿರುಗುವ ಮನುಷ್ಯನಾದುದರಿಂದ, ಹೊಳಲ್ಕೆರೆಯ ಕಡೆಗೆ ಕೊಟ್ಟ ಹೆಣ್ಣಿನ ಕುಶಲವನ್ನು ಹೊಸದುರ್ಗದ ಕಡೆಯ ತವರಿಗೆ ಮುಟ್ಟಿಸುವವನೂ, ತವರಿನ ಕರೆಯನ್ನು ಹಿಂದಕ್ಕೆ ತರುವವನೂ ಅವನೇ. ನಮ್ಮ ಜಾನಪದ ಗೀತೆಗಳಲ್ಲಿ ಬಳೆಗಾರನಿಗೆ ದೊರೆತಿರುವ ಆದರವು ಬೇರೆ ಯಾವ ವ್ಯಾಪಾರಿಗೂ ದೊರೆತಿಲ್ಲ. ೧೯೪೨ರಲ್ಲಿ ಪ್ರಕಟವಾದ ‘ಮೈಸೂರ ಮಲ್ಲಿಗೆ’ಯಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರು ಚೆನ್ನಯ್ಯನೆಂಬ ಬಳೆಗಾರನನ್ನು ಕನ್ನಡಿಗರ ಮನೆಮಾತಾಗಿಸಿದ್ದೂ ಆ ಪರಂಪರೆಯಿಂದಲೇ. ಆದರೆ ಕವಿಗಳು ಹೇಳದೆ ಬಿಡುವ ಒಂದು ಗುಣವಿದೆ. ಬಳೆಗಾರನು ಹೇಳಿದ ಮಾತುಗಳಿಗಿಂತ ಅವನು ಹೇಳದೆ ನುಂಗಿಕೊಂಡ ಮಾತುಗಳು ಹೆಚ್ಚು ಬೆಲೆಯುಳ್ಳವು. ಅತ್ತೆಯ ಮನೆಯ ಜಗಳವನ್ನು ಕಂಡೂ ತವರಿನಲ್ಲಿ ಕ್ಷೇಮವೆಂದಷ್ಟೇ ನುಡಿಯುವ ವಿವೇಕವಿಲ್ಲದವನು ಎರಡೂ ಮನೆಗಳನ್ನು ಕಳೆದುಕೊಳ್ಳುತ್ತಿದ್ದನು.

ಇದೆಲ್ಲವೂ ನಿಷ್ಕಾಮವಾದ ಸ್ನೇಹವೆಂದು ಬಗೆಯುವುದು ಮುಗ್ಧತೆಯಾದೀತು. ತೊಡಿಸುವಾಗ ಒಡೆದ ಬಳೆ ಬಳೆಗಾರನ ಪಾಲಿಗೆ ನಷ್ಟ. ಅದಕ್ಕೆ ಹಣ ಕೇಳುವಂತಿಲ್ಲ. ಕೊನೆಯಲ್ಲಿ ಒಂದೋ ಎರಡೋ ಕೊಸರು. ತಾಯಿಯ ಸೆರಗು ಹಿಡಿದು ನಿಂತ ಮಗುವಿನ ಪುಟ್ಟ ಕೈಗೆ ಬಿಟ್ಟಿಯಾಗಿ ಎರಡು ಕರಿಬಳೆ. ಕಾಸಿಲ್ಲದ ಮನೆಯಲ್ಲಿ ಉದ್ದರಿ. ಸುಗ್ಗಿಯಲ್ಲಿ ರಾಗಿಯೋ ಜೋಳವೋ ಮೊರದಲ್ಲಿ ಬಂದು ಸಲ್ಲುವುದು, ಮಳೆ ಕೈಕೊಟ್ಟ ವರ್ಷ ಸಲ್ಲದೆಯೂ ಹೋಗುವುದು. ಇಷ್ಟೆಲ್ಲ ಔದಾರ್ಯದ ವೆಚ್ಚವನ್ನು ಅವನು ಬೆಲೆಯಲ್ಲಿಯೇ ಮೊದಲು ಕೂಡಿಸಿಕೊಂಡಿರುತ್ತಿದ್ದನೆಂಬುದು ಅವನಿಗೂ ಗೊತ್ತು, ಕೊಳ್ಳುವ ಗೃಹಿಣಿಗೂ ಗೊತ್ತು. ಆಕೆ ಚೌಕಾಸಿ ಮಾಡದೆ ಬಿಡುತ್ತಿರಲಿಲ್ಲ, ಅವನು ಇಳಿಸದೆ ಹೋಗುತ್ತಿರಲಿಲ್ಲ. ಸಂತೆಯಲ್ಲಿ ನಾಲ್ಕು ಕಾಸು ಅಗ್ಗವಾಗಿ ಅದೇ ಬಳೆ ಸಿಕ್ಕುವುದೆಂದು ಅರಿತಿದ್ದೂ ಆಕೆ ಮುಂದಿನ ಹಬ್ಬದವರೆಗೆ ಇವನ ಬರವನ್ನೇ ಕಾಯುತ್ತಿದ್ದಳೆಂದರೆ, ಆ ನಾಲ್ಕು ಕಾಸಿಗೆ ಏನು ದೊರಕುತ್ತಿದೆಯೆಂಬುದನ್ನು ಆಕೆ ಚೆನ್ನಾಗಿ ಲೆಕ್ಕ ಹಾಕಿದ್ದಳೆಂದೇ ಅರ್ಥ. ಗೌರಿಹಬ್ಬದ ಹಿಂದಿನ ದಿನಗಳಲ್ಲಿ, ಮದುವೆಯ ಬಳೆಶಾಸ್ತ್ರದಲ್ಲಿ, ಬಸುರಿಗೆ ಹಸಿರು ಬಳೆ ತೊಡಿಸುವ ಸೀಮಂತದಲ್ಲಿ ಅವನು ವ್ಯಾಪಾರಿಯಾಗಿ ಬಂದರೂ ಎಲೆ, ಅಡಕೆ, ಅಕ್ಕಿ, ಬೆಲ್ಲಗಳನ್ನು ಮಡಿಲಿಗೆ ಪಡೆದು, ಬಳೆ ತೊಟ್ಟವಳ ನಮಸ್ಕಾರವನ್ನು ಸ್ವೀಕರಿಸಿ, ಹರಸಿ ಎದ್ದು ಹೋಗುತ್ತಿದ್ದನು. ಹಿಂದೂ ಬಳೆಗಾರ ಶೆಟ್ಟರಂತೆಯೇ ಬಳೆಯ ಸಾಬರಿಗೂ, ಕೆಲವೆಡೆ ಬಳೆಗಾರ್ತಿಯರಿಗೂ ಈ ಮರ್ಯಾದೆಯು ಸಲ್ಲುತ್ತಿದ್ದಿತು.

ಈ ಚಿತ್ರಕ್ಕೆ ಕಪ್ಪು ಅಂಚೊಂದಿದೆ. ಗಂಡನನ್ನು ಕಳೆದುಕೊಂಡವಳ ಪಾಲಿಗೆ ಬಳೆಗಾರನ ದಾರಿ ಅಂದಿಗೇ ಮುಗಿಯಿತು. ಇಪ್ಪತ್ತು ವರ್ಷ ‘ತಂಗಿ’ ಎಂದು ಕರೆದವನು ಮರುವರ್ಷ ಅದೇ ಬಾಗಿಲನ್ನು ದಾಟಿ ಮುಂದಿನ ಮನೆಗೆ ನಡೆಯಬೇಕು. ಒಳಗಿನವಳು ಅವನ ಕೂಗು ಕೇಳಿ ಹಿತ್ತಿಲಿಗೆ ಸರಿಯಬೇಕು. ಶುಭದ ಹೆಸರಿನಲ್ಲಿ ಕಟ್ಟಿದ ಬಾಂಧವ್ಯವು ಅತ್ಯಂತ ಬೇಕಾದ ಹೊತ್ತಿನಲ್ಲಿಯೇ ಕೈಬಿಡುತ್ತಿದ್ದುದನ್ನು ಹಳೆಯ ಕಾಲದ ಗುಣಗಾನದಲ್ಲಿ ನಾವು ಮರೆಮಾಚಲಾಗದು.

ಇನ್ನು ಮತ್ತೋಡಿನ ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೀರೂರಿನಿಂದ ಹರಿಹರದ ಕಡೆಗೆ ಹೊಸದುರ್ಗ ರಸ್ತೆ, ಚಿಕ್ಕಜಾಜೂರುಗಳ ಮೂಲಕ ರೈಲುದಾರಿಯು ಹಾಯ್ದಾಗ, ಆ ದಾರಿಯಲ್ಲಿ ಬಂದಿಳಿದ ಪರದೇಶದ ಸರಕುಗಳಲ್ಲಿ ಬಳೆಯೂ ಒಂದು. ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಬೊಹೀಮಿಯದ ಗಾಜಿನ ಕಾರ್ಖಾನೆಗಳು ಹಿಂದೂಸ್ಥಾನದ ಹೆಂಗಸರ ಕೈಗಳನ್ನೇ ಗುರಿಯಾಗಿಟ್ಟು ಬಳೆಗಳನ್ನು ರಾಶಿರಾಶಿಯಾಗಿ ಕಳುಹಿಸುತ್ತಿದ್ದುವು: ನುಣುಪು, ಹಗುರ, ಬಣ್ಣಗಳಿಗೆ ಮಿತಿಯಿಲ್ಲ, ಬೆಲೆ ಅಗ್ಗ. ೧೯೧೪ರ ಮಹಾಯುದ್ಧದಿಂದ ಆ ದಾರಿ ಮುಚ್ಚಲಾಗಿ ಜಪಾನು ಆ ಸ್ಥಾನವನ್ನು ಹಿಡಿಯಿತು. ಅನಂತರ ಉತ್ತರ ಹಿಂದೂಸ್ಥಾನದ ಫಿರೋಜಾಬಾದು ಇಡೀ ದೇಶಕ್ಕೆ ಬಳೆಯ ಕಣಜವಾಯಿತು. ಚೌಳನ್ನೂ ಬೆಣಚುಕಲ್ಲನ್ನೂ ಕರಗಿಸಿ ದಪ್ಪನೆಯ ಬಳೆ ಮಾಡುತ್ತಿದ್ದ ಮತ್ತೋಡಿನ ಕುಲುಮೆಗೆ ಇವುಗಳೊಡನೆ ಸೆಣಸುವ ಶಕ್ತಿಯಾದರೂ ಎಲ್ಲಿಯದು? ಅದು ಆರಿತು. ಗಮನಿಸಬೇಕಾದ ಸಂಗತಿಯೆಂದರೆ, ಅದು ಆರಿದುದು ರಾಮಗಿರಿಯ ಸುತ್ತಿನ ಜಗುಲಿಗಳ ಮೇಲೆ ಬಳೆ ತೊಡುತ್ತಿದ್ದವರಿಗೆ ಬಹುಶಃ ತಿಳಿಯಲೇ ಇಲ್ಲ. ಅದೇ ಅಣ್ಣ, ಅದೇ ಕೂಗು, ಗೆಣ್ಣು ನೀವುವ ಅದೇ ಬೆರಳು; ಗಾಜು ಮಾತ್ರ ಏಳು ಸಮುದ್ರದಾಚೆಯದು. ಒಕ್ಕಲಗಿತ್ತಿಯ ನಿಷ್ಠೆಯು ಎಂದಿಗೂ ಮತ್ತೋಡಿಗೆ ಸಂದಿರಲಿಲ್ಲ. ತೊಡಿಸಿದ ಕೈಗೆ ಸಂದಿದ್ದಿತು. ಮಾಡಿದ ಕೈಯನ್ನು ಕಾಪಾಡಲು ಆ ನಿಷ್ಠೆಯಿಂದ ಆಗಲಿಲ್ಲ.

ಇದೇ ಸೀಮೆಯ ಕಂಬಳಿಯ ಕಥೆ ಬೇರೆಯಾದುದನ್ನು ನೋಡಿದರೆ ಈ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಚಳ್ಳಕೆರೆ, ಹಿರಿಯೂರುಗಳ ಕಡೆಯಲ್ಲಿ ಕುರುಬರ ಮನೆಯ ಹೆಂಗಸರು ಉಣ್ಣೆಯನ್ನು ಹಿಂಜಿ ನೂಲುವರು, ಗಂಡಸರು ಗುಣಿಮಗ್ಗದಲ್ಲಿ ನೇಯುವರು, ಹುಣಸೆಬೀಜದ ಗಂಜಿ ಹಾಕಿ ಹುರಿಗೊಳಿಸುವರು. ಕೊಳ್ಳುವ ಒಕ್ಕಲಿಗನು ಎಷ್ಟೋ ವೇಳೆ ತನ್ನ ಹಿಂಡಿನ ಉಣ್ಣೆಯನ್ನೇ ತಂದುಕೊಟ್ಟು, ಇಷ್ಟು ಮೊಳ, ಅಂಚು ಇಂತಹದು ಎಂದು ಹೇಳಿ ಹೋಗುವನು. ಕಾವಲಿನಲ್ಲಿ ಕುರಿ ಕಾಯುವವನಿಗೆ ಬೇಕಾದ ಒತ್ತು ನೆಯ್ಗೆಯೇ ಬೇರೆ, ದೇವರ ಗದ್ದುಗೆಗೆ ಹಾಸುವ ಕಂಬಳಿಯ ಶುದ್ಧಿಯೇ ಬೇರೆ. ನೇಯ್ದವನೂ ಮಾರಿದವನೂ ಒಬ್ಬನೇ ಆದುದರಿಂದ ಗಿರಾಕಿಯ ಅಭಿಮಾನವು ದಾರಿಯಲ್ಲಿ ಇನ್ನೊಬ್ಬನ ಕೈಗೆ ಸೋರಿಹೋಗಲಿಲ್ಲ. ಗಿರಣಿಯ ರಗ್ಗುಗಳು ಬಂದು ಎಷ್ಟೋ ವರ್ಷಗಳಾದರೂ ಆ ಮಗ್ಗಗಳ ಸಪ್ಪಳವು, ಕ್ಷೀಣವಾಗಿಯಾದರೂ, ಇನ್ನೂ ನಿಂತಿಲ್ಲ.

ಬಳೆಗಾರನೂ ನಿಂತಿಲ್ಲ, ಆದರೆ ಮಲಾರವನ್ನು ಇಳಿಸಿದ್ದಾನೆ. ಹೊಳಲ್ಕೆರೆ, ಹೊಸದುರ್ಗದಂತಹ ಪೇಟೆಗಳಲ್ಲಿ ಗಾಜಿನ ಕಪಾಟಿನ ಹಿಂದೆ ಕುಳಿತಿರುವ ಅಂಗಡಿಯವನ ಬಳಿ ಪ್ಲಾಸ್ಟಿಕ್ಕಿನ ಬಳೆಯೂ ಲೋಹದ ಬಳೆಯೂ ಪೆಟ್ಟಿಗೆಗಳಲ್ಲಿ ಜೋಡಣೆಯಾಗಿವೆ. ಹೆಣ್ಣುಮಕ್ಕಳು ಅಂಕೆಯನ್ನು ಹೇಳಿ ಕೊಂಡು, ಮನೆಗೆ ಹೋಗಿ ತಾವೇ ತೊಟ್ಟುಕೊಳ್ಳುತ್ತಾರೆ. ಆದರೂ ಮದುವೆಯ ಮನೆಯಲ್ಲಿ ಬಳೆಶಾಸ್ತ್ರವೆಂದರೆ ಅಂಗಡಿಯವನೇ ಬುಟ್ಟಿ ಹೊತ್ತು ಬರಬೇಕು, ಮದುಮಗಳಿಗೆ ಮೊದಲು ತೊಡಿಸಬೇಕು, ಬಳಿಕ ನೆಂಟರಿಷ್ಟರ ಮುತ್ತೈದೆಯರಿಗೆಲ್ಲ. ಡಜನ್ನಿನ ಲೆಕ್ಕ ಅಲ್ಲಿ ನಡೆಯುವುದಿಲ್ಲವಾದ್ದರಿಂದ ಯಜಮಾನನೊಡನೆ ಇಡಿಯಾಗಿ ಇಷ್ಟೆಂದು ಮೊದಲೇ ಮಾತಾಗಿರುತ್ತದೆ. ತೊಡಿಸಿ ಮುಗಿಯುವ ಹೊತ್ತಿಗೆ ಪಕ್ಕದ ಬೀದಿಯ ಹುಡುಗಿಯರೂ ಸಾಲಿನಲ್ಲಿ ಸೇರಿಕೊಂಡಿರುತ್ತಾರೆ, ಅವರನ್ನು ಎದ್ದು ಹೋಗಿರೆನ್ನುವ ಧೈರ್ಯ ಅವನಿಗೂ ಇರುವುದಿಲ್ಲ, ಯಜಮಾನನಿಗೂ ಇರುವುದಿಲ್ಲ. ಹೆಚ್ಚಾದ ಬಳೆಗಳ ಹಣ ಯಾರದೆಂಬ ಚರ್ಚೆಯನ್ನು ಸೋದರತ್ತೆಯೊಬ್ಬಳು ಊಟದ ಪಂಕ್ತಿಯವರೆಗೂ ಮುಂದುವರಿಸುತ್ತಾಳೆ.