ಎರಡು ಅಮೀಬಾ, ಒಂದೇ ಹೆಸರು: ನಾಯಿಗಳ ಮಿದುಳು, ಶ್ವಾಸಕೋಶ ಸೋಂಕಿನ ಹಳೆಯ ವರದಿಗಳ ಮರುಓದು

ಜ್ವರ, ಕೆಮ್ಮು, ಮೂಗು–ಕಣ್ಣುಗಳಲ್ಲಿ ಸೋರಿಕೆ. ಆಮೇಲೆ ತೂರಾಟ, ಸೆಳವು. ಎಳೆಯ ನಾಯಿಯಲ್ಲಿ ಇವು ಕಂಡರೆ ಪಶುವೈದ್ಯರು ಮೊದಲು ಶಂಕಿಸುವುದು ಡಿಸ್ಟೆಂಪರನ್ನು. ನಮ್ಮಲ್ಲಾದರೆ ರೇಬೀಸನ್ನೂ ಮರೆಯುವಂತಿಲ್ಲ. ಇದೇ ವೇಷದಲ್ಲಿ ಅಪರೂಪಕ್ಕೆ ಬರುವ ಇನ್ನೊಂದು ಬೇನೆಗೆ ಕಾರಣ, ಮಣ್ಣು ನೀರುಗಳಲ್ಲಿ ಸ್ವತಂತ್ರವಾಗಿ ಬಾಳುವ ಅಮೀಬಾ. ಅಕಾಂತಮೀಬಾ, ಬಾಲಮುಥಿಯಾ ಎಂಬ ಎರಡು ಕುಲಗಳು ಇಲ್ಲಿ ಮುಖ್ಯ. ಉಸಿರಿನೊಡನೆಯೋ ಚರ್ಮದ ಗಾಯದಿಂದಲೋ ಒಳಹೊಕ್ಕು ಅವು ರಕ್ತದ ಮೂಲಕ ಮಿದುಳು ಸೇರುತ್ತವೆ. ಶ್ವಾಸಕೋಶದ ಗಂಟುಗಳೂ ಮಿದುಳಿನ ರಕ್ತಸಿಕ್ತ ಕೊಳೆತವೂ ಒಂದೇ ಸೋಂಕಿನ ಎರಡು ನೆಲೆಗಳಾಗಿರಬಹುದು. ಬಹುಪಾಲು ನಾಯಿಗಳಲ್ಲಿ ರೋಗ ಪತ್ತೆಯಾಗುವುದು ಮರಣೋತ್ತರ ಪರೀಕ್ಷೆಯಲ್ಲಿ.

ಅಲ್ಲಿಯೂ ಕಣ್ಣು ಮೋಸಹೋಗುತ್ತದೆ. ಹೆಮಟಾಕ್ಸಿಲಿನ್–ಇಯೋಸಿನ್ ಬಣ್ಣ ಹಿಡಿಸಿದ ಅಂಗಾಂಶದಲ್ಲಿ ಅಮೀಬಾ ಉರಿಯೂತದ ಜಾಗಕ್ಕೆ ಬಂದ ಮ್ಯಾಕ್ರೊಫೇಜ್‌ನಂತೆಯೇ ತೋರುತ್ತದೆ. ನ್ಯೂಕ್ಲಿಯಸ್ಸಿನ ನಡುವೆ ದಪ್ಪ ಚುಕ್ಕೆಯಂತೆ ಕೂತ ನ್ಯೂಕ್ಲಿಯೋಲಸ್ಸೇ ಸುಳಿವು. ಗೋಡೆ ಕಟ್ಟಿಕೊಂಡ ಸಿಸ್ಟ್ ಸಿಕ್ಕರೆ, ಮಿದುಳಿಗೆ ನುಗ್ಗುವ ಇನ್ನೊಂದು ಅಮೀಬಾವಾದ ನೇಗ್ಲೇರಿಯಾವನ್ನು ಬದಿಗಿಡಬಹುದು. ಅದು ಅಂಗಾಂಶದಲ್ಲಿ ಸಿಸ್ಟ್ ಕಟ್ಟುವುದಿಲ್ಲ. ಉಳಿದೆರಡರಲ್ಲಿ ಯಾವುದೆಂದು ಬರೀ ರೂಪ ನೋಡಿ ಹೇಳುವುದು ಕಷ್ಟ.

ಕಲ್ಚರ್ ಮಾಡಿದರೂ ಉತ್ತರ ಸಿಕ್ಕೇಬಿಡುತ್ತದೆಂದಲ್ಲ. ಬ್ಯಾಕ್ಟೀರಿಯಾ ಹರಡಿದ ಅಗಾರ್ ತಟ್ಟೆಯಲ್ಲಿ ಅಕಾಂತಮೀಬಾ ಸಲೀಸಾಗಿ ಬೆಳೆಯುತ್ತದೆ. ಬಾಲಮುಥಿಯಾ ಅಲ್ಲಿ ಬೆಳೆಯದು. ಅದಕ್ಕೆ ಸಸ್ತನಿಯ ಜೀವಕೋಶಗಳ ಕಲ್ಚರ್ ಬೇಕು. 1986ರಲ್ಲಿ ಸ್ಯಾನ್ ಡಿಯಾಗೋದ ವನ್ಯಪ್ರಾಣಿ ಉದ್ಯಾನದಲ್ಲಿ ಸತ್ತ ಮ್ಯಾಂಡ್ರಿಲ್ ಕೋತಿಯ ಮಿದುಳಿನಿಂದ ಅದನ್ನು ಬೇರ್ಪಡಿಸಿದ ವಿವರವನ್ನು ಗೋವಿಂದ ವಿಶ್ವೇಶ್ವರ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದರು. ಹೆಸರಿಟ್ಟದ್ದು 1993ರಲ್ಲಿ. ಆಮೇಲೆ ಕಾಪಿಟ್ಟ ಹಳೆಯ ಸ್ಲೈಡುಗಳಿಗೆ ಇಮ್ಯೂನೊಫ್ಲೋರೆಸೆನ್ಸ್ ಪರೀಕ್ಷೆ ಮಾಡಿದಾಗ, ಅಕಾಂತಮೀಬಾ ಎಂದುಕೊಂಡಿದ್ದ ಮನುಷ್ಯರ ಕೆಲವು ಪ್ರಕರಣಗಳು ಬಾಲಮುಥಿಯಾ ಎಂದು ತಿಳಿದುಬಂತು.

ನಾಯಿಗಳ ಸಾಹಿತ್ಯಕ್ಕೂ ಈ ಎಚ್ಚರ ಬೇಕು. ನಾಯಿಯಲ್ಲಿ ಅಕಾಂತಮೀಬಾ ಸೋಂಕಿನ ವರದಿ 1972ರಲ್ಲೇ ಬಂದಿತ್ತು. ಬಾಲಮುಥಿಯಾ ಸೋಂಕಿನದು 2004ರಲ್ಲಿ. ಈ ಅಂತರ ರೋಗದ ಇತಿಹಾಸವಲ್ಲ, ಬಹುಮಟ್ಟಿಗೆ ಪ್ರಯೋಗಾಲಯದ ಇತಿಹಾಸ ಎಂಬುದು ನನ್ನ ಅಭಿಪ್ರಾಯ. 1993ರಲ್ಲಿ ಪ್ರಕಟವಾದ ಗ್ರೇಹೌಂಡ್ ಪ್ರಕರಣದಲ್ಲಿ ಅಕಾಂತಮೀಬಾವನ್ನೇ ಬೇರ್ಪಡಿಸಿದ್ದರಿಂದ ಅದು ಗಟ್ಟಿ. 1990ಕ್ಕೆ ಹಿಂದೆ ರೂಪವೊಂದನ್ನೇ ನಂಬಿ ಹೆಸರಿಸಿದ ಪ್ರಕರಣಗಳನ್ನು ಅದೇ ಸಾಲಿಗೆ ಸೇರಿಸಲಾಗದು. ಪ್ಯಾರಾಫಿನ್ ತುಂಡುಗಳು ಉಳಿದಿದ್ದರೆ ಪಿಸಿಆರ್‌ ಮಾಡಿ ನೋಡಬೇಕು.

ಡಿಸ್ಟೆಂಪರ್ ಪತ್ತೆಯಾಯಿತೆಂದು ಸ್ಲೈಡನ್ನು ಎತ್ತಿಡುವುದೂ ಸರಿಯಲ್ಲ. ಆ ವೈರಸ್ಸು ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವುದರಿಂದ, ಅಮೀಬಾಕ್ಕೆ ಬಾಗಿಲು ತೆರೆದದ್ದೂ ಅದೇ ಇರಬಹುದು.